ಮುಖ ಹಾಜರಿ

ಮಧ್ಯಾಹ್ನದ ಮೇಲೆ ಪಂಚಾಯತಿನ ಸಭೆಯಲ್ಲಿ ತಾನು ಸುಳ್ಳು ಹೇಳಬೇಕಾಗಿದೆ ಎಂಬುದಕ್ಕಿಂತಲೂ ಆ ಸುಳ್ಳನ್ನು ಎಲ್ಲರೂ ನಂಬಿಬಿಡುತ್ತಾರೆ ಎಂಬುದೇ ಬೆಳಗಿನಿಂದ ಸೌದಾಮಿನಿಯ ತಲೆ ತಿನ್ನುತ್ತಿತ್ತು. ಕಾವಲಿಯ ಮೇಲೆ ದೋಸೆ ಹೊಯ್ಯುತ್ತ ಅವಳು ಮಾತನ್ನು ಅಭ್ಯಾಸ ಮಾಡಿದಳು. ಮಾನ್ಯರೇ, ಈ ಮುಖ ಹಾಜರಿಯ ನಿಯಮವನ್ನು ದಯವಿಟ್ಟು ಮುಂದೂಡಬೇಕು. ದೋಸೆ ಎದ್ದು ಬರಲಿಲ್ಲ. ಮಾನ್ಯರೇ, ನಾವು ಬಡ ಪರಿಚಾರಕಿಯರು. ಎರಡನೆಯದೂ ಎದ್ದು ಬರಲಿಲ್ಲ. ಮನಸ್ಸಿನಲ್ಲಿರುವುದನ್ನೇ ಹೇಳಿ ನೋಡೋಣವೆಂದು, ಮಾನ್ಯರೇ, ಈ ನಿಯಮ ನಾಳೆಯೇ ಬರಲಿ, ಒಂದು ದಿನವೂ ತಡ ಆಗಬಾರದು ಎಂದು ಮೆಲ್ಲಗೆ ಅಂದಾಗ ಮೂರನೆಯ ದೋಸೆ ಹಂಚಿನ ಅಂಚಿನಿಂದ ತಾನಾಗಿ ಬಿಟ್ಟುಕೊಂಡು ಬಂತು. ಅವಳಿಗೆ ದೋಸೆಯ ಮೇಲೆ ಸಿಟ್ಟು ಬಂತು. ಒಳಗಿನ ಕೋಣೆಯಿಂದ ಅತ್ತೆ, "ಯಾರ ಹತ್ರ ಮಾತಾಡುವುದು ನೀನು?" ಎಂದು ಕೂಗಿದರು. ಪಕ್ಷವಾತ ಬಡಿದು ಬಲಗೈ ಬಲಗಾಲು ಹೋದರೂ ಅತ್ತೆಯ ಕಿವಿಗೆ ಮಾತ್ರ ಯಾವ ವಾತವೂ ಬಡಿದಿರಲಿಲ್ಲ. ನೆರೆಮನೆಯಲ್ಲಿ ಲೋಟ ಬಿದ್ದರೆ ಅದು ಸ್ಟೀಲಿನದ್ದೋ ಹಿತ್ತಾಳೆಯದ್ದೋ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. "ದೋಸೆ ಹತ್ರ," ಎಂದಳು ಸೌದಾಮಿನಿ. "ಅದಕ್ಕೇ ನಿನ್ನ ದೋಸೆ ಹಾಗೆ," ಎಂದರು ಅತ್ತೆ.

ಪಂಚಾಯತಿನ ಹಣದಲ್ಲಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಹೆಂಗಸರಲ್ಲಿ ಸೌದಾಮಿನಿಯೂ ಒಬ್ಬಳು. ನೆರೆಮನೆಯ ರಸೀನಾ ಇನ್ನೊಬ್ಬಳು. ಸ್ವಂತ ಮನೆಯವರನ್ನು ನೋಡಿಕೊಂಡದ್ದಕ್ಕೆ ಸಂಬಳವಿಲ್ಲ, ಬೇರೆಯವರ ಮನೆಯವರಾದರೆ ಉಂಟು ಎಂಬುದು ಮೊದಲಿನಿಂದಲೂ ಇದ್ದ ಕಾನೂನು. ಹಾಗಾಗಿ ಕಾಗದದಲ್ಲಿ ರಸೀನಾಳ ಮಾಮಿ, ಅಂದರೆ ಗಂಡನ ತಾಯಿ, ಬೀಪಾತುಮ್ಮನಿಗೆ ಸೌದಾಮಿನಿ, ಸೌದಾಮಿನಿಯ ಅತ್ತೆಗೆ ರಸೀನಾ. ಕೆಲಸ ಸಿಕ್ಕಿದ ದಿನವೇ ಇಬ್ಬರೂ ಎರಡು ಮನೆಗಳ ನಡುವಿನ ಕೆಂಪುಕಲ್ಲಿನ ಗೋಡೆ ಕುಸಿದಿದ್ದ ಜಾಗದಲ್ಲಿ ನಿಂತು ಮಾತಾಡಿಕೊಂಡಿದ್ದರು. "ಅಕ್ಕಾ, ನಿಮ್ಮ ಅತ್ತೆ ನನ್ನ ಕೈಯ ನೀರು ಕುಡಿಯುದಿಲ್ಲ, ನನ್ನ ಮಾಮಿಗೆ ನಿಮ್ಮ ಸಾರು ಆಗುದಿಲ್ಲ. ನಿಮ್ಮವರನ್ನು ನೀವು ನೋಡಿ, ನನ್ನವರನ್ನು ನಾನು ನೋಡ್ತೇನೆ. ಗೋಡೆ ದಾಟುದು ಕಾಗದದಲ್ಲಿ ಮಾತ್ರ ಆಗ್ಲಿ," ಎಂದು ರಸೀನಾ ಹೇಳಿದಾಗ ಸೌದಾಮಿನಿಗೆ ಅದರಲ್ಲಿ ಮೋಸವೇ ಕಾಣಲಿಲ್ಲ. ಇಬ್ಬರು ಮುದುಕಿಯರ ಆರೈಕೆ ಆಗುತ್ತಿತ್ತು, ಇಬ್ಬರು ಹೆಂಗಸರು ದುಡಿಯುತ್ತಿದ್ದರು, ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಸಂಬಳ ಬಂದ ದಿನವೆಲ್ಲ ಅವಳು ರಸ್ತೆಯಲ್ಲಿ ಪೊಲೀಸ್ ಜೀಪು ಕಂಡರೆ ಕೊಡೆ ಬಿಡಿಸುತ್ತಿದ್ದಳು, ಬಿಸಿಲಿರಲಿ ಇಲ್ಲದಿರಲಿ.

ಆಮೇಲೆ ಮೇಲಿನವರಿಗೆ ಯಾರೋ ಹೇಳಿದರು, ಪರಿಚಾರಕಿಯರು ಮನೆಯಲ್ಲೇ ಕೂತು ಸಂಬಳ ತೆಗೆಯುತ್ತಾರೆಂದು. ಮುಖ ಹಾಜರಿ ಬಂತು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ, ರೋಗಿಯ ಮುಖ ಮತ್ತು ಪರಿಚಾರಕಿಯ ಮುಖ ಪಕ್ಕಪಕ್ಕ ಫೋನಿನ ಆಪಿನೊಳಗೆ ಕಾಣಬೇಕು. ರೋಗಿ ಎರಡೂ ಕಣ್ಣು ಮಿಟುಕಿಸಬೇಕು. ಮಿಟುಕಿಸಿದರೆ ಜೀವಂತ, ಇಲ್ಲದಿದ್ದರೆ ಗೋಡೆಯ ಮೇಲಿನ ಫೋಟೋ. ಮುಂದಿನ ತಿಂಗಳಿನಿಂದ ಕಡ್ಡಾಯ, ಅಲ್ಲಿಯವರೆಗೆ ಅಭ್ಯಾಸ. ಸೌದಾಮಿನಿ ಮೊದಲ ದಿನ ಗೋಡೆಯ ಸಂದಿಯಲ್ಲಿ ಆಚೆ ಹೋಗುವಾಗ ರಸೀನಾ ಈಚೆ ಬರುತ್ತಿದ್ದಳು. ಇಬ್ಬರೂ ಪರೀಕ್ಷೆಗೆ ಹೋಗುವ ಹುಡುಗಿಯರಂತೆ ಮುಖ ನೋಡಿಕೊಳ್ಳದೆ ದಾಟಿದರು. ಬೀಪಾತುಮ್ಮ ಮಂಚದ ಮೇಲೆ ಕೂತಿದ್ದರು. ಸೊಂಟ ಮುರಿದ ಮೇಲೆ ಕಾಲು ಸರಿ ನಿಲ್ಲುವುದಿಲ್ಲ, ಅದಕ್ಕೂ ಮೊದಲು ಯಾವತ್ತೋ ಮುಖ ಸೊಟ್ಟಗಾಗಿ ಎಡಗಣ್ಣು ಮುಚ್ಚುವುದನ್ನು ಬಿಟ್ಟಿದೆ. ಅದು ನಿದ್ದೆಯಲ್ಲೂ ಅರ್ಧ ತೆರೆದೇ ಇರುತ್ತದೆ. ಹೆದರಿಕೆಯಿಂದ ಸೌದಾಮಿನಿ ಫೋನನ್ನು ಎತ್ತೆತ್ತಲೋ ತಿರುಗಿಸಿದಳು. ಮುಖದ ಬದಲು ಫ್ಯಾನು ಬಂತು, ಆಮೇಲೆ ಕಿಟಕಿ ಬಂತು. "ಇಲ್ಲಿ ಕೊಡು ಮೋಳೇ," ಎಂದು ಬೀಪಾತುಮ್ಮ ಮಗಳನ್ನು ಕರೆಯುವ ಹಾಗೆ ಕರೆದು, ಫೋನನ್ನು ತಾವೇ ಹಿಡಿದು, ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, ಬಾಯಿ ತುಂಬ ನಕ್ಕರು. ಫೋನು ಹಿಡಿದವರೇ ಪರಿಚಾರಕಿ ಎಂದು ಆಪ್ ತಿಳಿದುಕೊಂಡಿತು. ಪಕ್ಕದಲ್ಲಿ ಬೆವರಿ, ಬಾಡಿ, ಕಣ್ಣು ಪಿಳಿಪಿಳಿ ಮಾಡುತ್ತಿದ್ದವಳನ್ನು ರೋಗಿ ಎಂದು ಬರೆದುಕೊಂಡಿತು. ಆಮೇಲೆ ಫೋನಿನೊಳಗಿನಿಂದ ಒಬ್ಬಳು ಹೆಣ್ಣುಮಗಳು ಸರಕಾರದ ಭಾಷೆಯಾದ ಮಲೆಯಾಳದಲ್ಲಿ ಏನೋ ಹೇಳಿದಳು. "ಎಂತ ಹೇಳಿತು ಉಮ್ಮಾ?" ಎಂದು ಸೌದಾಮಿನಿ ಕೇಳಿದಳು. ಬೀಪಾತುಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ನಿನಗೆ ಜೀವ ಉಂಟಂತೆ," ಎಂದರು.

ತಿದ್ದುವುದಕ್ಕೆ ಪ್ರಯತ್ನಿಸಲಿಲ್ಲ ಎಂದಲ್ಲ. ಮರುದಿನ ಸೌದಾಮಿನಿ ಫೋನು ತನ್ನ ಕೈಯಲ್ಲೇ ಹಿಡಿದಳು. ಆಗ ಬೀಪಾತುಮ್ಮ ರೋಗಿಯಾದರು, ಎಡಗಣ್ಣು ಮುಚ್ಚಲಿಲ್ಲ, ರೋಗಿ ಜೀವಂತವಿಲ್ಲ ಎಂದು ಫೋನು ಕೆಂಪಾಯಿತು. "ನನ್ನನ್ನು ಕೊಂದಿತಾ?" ಎಂದು ಬೀಪಾತುಮ್ಮ ಅಷ್ಟೇನೂ ಬೇಸರವಿಲ್ಲದೆ ಕೇಳಿದರು. ಹಾಗಾಗಿ ಮೊದಲ ದಿನದ ವ್ಯವಸ್ಥೆಯೇ ಗಟ್ಟಿಯಾಯಿತು. ದಿನಾ ಬೆಳಿಗ್ಗೆ ಬೀಪಾತುಮ್ಮ ಕಣ್ಣಿಗೆ ಸುರ್ಮಾ ಹಚ್ಚಿ ಸಿದ್ಧವಾಗಿ ಫೋನು ಹಿಡಿಯುವುದು, "ಮಿಟುಕಿಸು" ಎನ್ನುವುದು, ಸೌದಾಮಿನಿ ಮಿಟುಕಿಸುವುದು, "ಜೀವ ಉಂಟಂತೆ" ಎಂದು ಬೀಪಾತುಮ್ಮ ಸಾರುವುದು. ನಂತರ ಅವರಿಗೆ ಸ್ನಾನ, ಬಟ್ಟೆ, ಕಾಲಿಗೆ ಎಣ್ಣೆ, ವಾಕರ್ ಹಿಡಿಸಿ ಜಗಲಿಯವರೆಗೆ ಒಂದು ನಡೆದಾಟ. ಅಷ್ಟಾದ ಮೇಲೆ ಕೆಲಸವೇ ಉಳಿಯುತ್ತಿರಲಿಲ್ಲ. ಹಾಗೆ ಒಂದು ದಿನ ಕೆಲಸವಿಲ್ಲದೆ ಮಂಚದ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದಾಗ ಬೀಪಾತುಮ್ಮ ಮೇಲಿನಿಂದ ಅವಳ ಮುಡಿ ಬಿಚ್ಚಿ, "ಇದೆಂತದು ತಲೆಯಾ, ತೆಂಗಿನ ನಾರಾ?" ಎಂದು ಎಣ್ಣೆ ಹಾಕತೊಡಗಿದರು. "ಬೇಡ ಉಮ್ಮಾ, ನೀವು ರೋಗಿ," ಎಂದಳು. "ಫೋನಿನಲ್ಲಿ ನೋಡು ಯಾರು ರೋಗಿ ಅಂತ," ಎಂದರು ಅವರು. "ನೀನು ಊಟ ಮಾಡಿದ್ದೆಂತ?" ಎಂದು ಕೇಳಿದರು. ಸೌದಾಮಿನಿ ಉತ್ತರಕ್ಕಾಗಿ ಯೋಚಿಸಬೇಕಾಯಿತು. ಈ ಪ್ರಶ್ನೆಯನ್ನು ತಾನು ಎಲ್ಲರಿಗೂ ಕೇಳುತ್ತ ಬಂದಿದ್ದೇನೆ, ಇದಕ್ಕೆ ಉತ್ತರ ಹೇಳಿ ಅಭ್ಯಾಸವೇ ಇಲ್ಲ ಎಂಬುದು ಆಗ ತಿಳಿಯಿತು. ಕಣ್ಣು ತುಂಬಿ ಬಂತು. ಎಣ್ಣೆ ಕಣ್ಣಿಗೆ ಇಳಿಯಿತು ಎಂದು ಹೇಳಿದಳು.

ಅದೇ ಹೊತ್ತಿಗೆ ಗೋಡೆಯ ಆಚೆಯಿಂದ, ತನ್ನದೇ ಮನೆಯಿಂದ, ಯಾರೋ ನಗುವುದು ಕೇಳಿತ್ತು. ಮೊದಲು ರೇಡಿಯೋ ಎಂದುಕೊಂಡಳು. ಅಲ್ಲ, ಅತ್ತೆ. ಮದುವೆಯಾಗಿ ಬಂದಂದಿನಿಂದ ಅತ್ತೆ ಕೆಮ್ಮಿದ್ದು ಕೇಳಿದ್ದಳು, ಗದರಿದ್ದು ಕೇಳಿದ್ದಳು, ಗಂಜಿಗೆ ಉಪ್ಪಿಲ್ಲವೆಂದು ದೇವರನ್ನು ಕರೆದದ್ದು ಕೇಳಿದ್ದಳು. ನಗು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದಾಗ ಅತ್ತೆ ತಲೆದಿಂಬಿಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಖಾಲಿ ಗ್ಲಾಸು. "ರಸೀನಾ ನಿಂಬೆ ಹಿಂಡಿ ಕಪ್ಪು ಚಾ ಮಾಡಿ ಕೊಟ್ಟಳು. ನಿನಗೆ ಯಾಕೆ ಹಾಗೆ ಬರುವುದಿಲ್ಲ?" ಎಂದು ಕೇಳಿದರು. ಕೈಯ ನೀರು ಕುಡಿಯದವರು ಕೈಯ ಚಾ ಕುಡಿದದ್ದು ಹೇಗೆ ಎಂದು ಕೇಳಲು ಅವಳು ಬಾಯಿ ತೆರೆದಳು. ಚಾ ಕುದಿಸಿದ್ದಲ್ವಾ ಎಂದು ಅವಳು ಕೇಳುವ ಮೊದಲೇ ಅತ್ತೆ ಉತ್ತರ ಹೇಳಿದರು. ಆಮೇಲೆ ತಿಳಿದದ್ದು, ಅವರಿಬ್ಬರೂ ನಕ್ಕದ್ದು ಸೌದಾಮಿನಿ ದೋಸೆ ಹೊಯ್ಯುವ ರೀತಿಗೆ ಎಂದು. ಅವಮಾನವಾಯಿತು. ಇಷ್ಟು ವರ್ಷ ಎತ್ತಿದ್ದು ಇಳಿಸಿದ್ದು ತಾನು, ನಗು ಮಾತ್ರ ರಸೀನಾಳ ಪಾಲಿಗೆ. ಆದರೆ ಅವಮಾನದ ಬುಡದಲ್ಲೇ ಒಂದು ಹಗುರ. ಇನ್ನು ಬೆಳಗಾದರೆ ಹೋಗಬಹುದು, ಹೋಗಲೇಬೇಕು, ಸರಕಾರವೇ ಹೇಳಿದೆ. ಮೋಸ ಮಾಡುತ್ತಿದ್ದಾಗ ಅರೆಪಾಲು ಇದ್ದ ಪಾಪಪ್ರಜ್ಞೆ ಕೆಲಸ ಸಾಚಾ ಆದಂದಿನಿಂದ ಇಡಿಯಾಗಿ ಬಂದು ಕೂತಿತು. ಸಂಬಳ ಕೊಟ್ಟು ಇಂಥ ಸುಖ ಕೊಡುವುದು ಯಾವ ಕಾನೂನಿನಲ್ಲಿಯೂ ಇರಲಾರದು.

ಇಷ್ಟಾದ ಮೇಲೆ ಪರಿಚಾರಕಿಯರ ಒಕ್ಕೂಟ ನಿಯಮವನ್ನು ಮುಂದೂಡಿಸಲು ಹೊರಟಿತು. ಕೆಲವರಿಗೆ ನೆಟ್‌ವರ್ಕ್ ಸಿಗುವುದಿಲ್ಲ, ಕೆಲವರ ರೋಗಿಗಳು ಫೋನು ಕಂಡರೆ ಹೊಡೆಯಲು ಬರುತ್ತಾರೆ, ಇನ್ನು ಕೆಲವರಿಗೆ ಹೇಳಿಕೊಳ್ಳಲಾಗದ ಕಾರಣಗಳೂ ಇದ್ದವು. ಸಭೆಯಲ್ಲಿ ಮಾತಾಡಲು ಯಾರು ಎಂದಾಗ ಕಾರ್ಯದರ್ಶಿ ಭವ್ಯಶ್ರೀ, "ಸೌದಾಮಿನಿಯಕ್ಕ ಅಂಗನವಾಡಿ ವಾರ್ಷಿಕೋತ್ಸವಕ್ಕೆ ನಿರೂಪಣೆ ಮಾಡಿದವರು," ಎಂದಳು. ಅಷ್ಟೇ ಸಾಕಾಯಿತು. ಬೇಡ ಎನ್ನಲು ಕಾರಣ ಬೇಕು. ಇದ್ದ ಕಾರಣ ಹೇಳುವಂಥದ್ದಲ್ಲ. ಗಂಡ ವೆಂಕಟಕೃಷ್ಣನಿಗೆ ಬಂದ್ಯೋಡಿನಲ್ಲಿ ಫ್ಲೆಕ್ಸ್ ಪ್ರಿಂಟಿಂಗಿನ ಅಂಗಡಿ. ಅವನು ಉತ್ಸಾಹದಿಂದ ಒಂದು ಫ್ಲೆಕ್ಸ್ ಮಾಡಿಸಿದ. 'ಮುಖ ಹಾಜರಿ ಮುಂದೂಡಿ' ಎಂದು ಮೇಲೆ, ಕೆಳಗೆ ಆಳೆತ್ತರಕ್ಕೆ ಸೌದಾಮಿನಿಯ ಮುಖ. ಯಾವುದೋ ಮದುವೆಯಲ್ಲಿ ತೆಗೆದ ಫೋಟೋ. ಹೋಮದ ಹೊಗೆಗೆ ಕಣ್ಣು ಅರ್ಧ ಮುಚ್ಚಿದೆ. "ಬೇರೆ ಫೋಟೋ ಸಿಗಲಿಲ್ವಾ ನಿಮಗೆ?" ಎಂದರೆ, "ಇದರಲ್ಲಿ ಒಂದು ನೋವು ಉಂಟು ಮಾರಾಯ್ತಿ, ಹೋರಾಟಕ್ಕೆ ಬೇಕಾದದ್ದು ಅದೇ," ಎಂದ.

ಸಭೆಗೆ ಹೋಗುವ ದಾರಿಯಲ್ಲಿ ರಸೀನಾ ಜೊತೆಗಿದ್ದಳು. ಇಬ್ಬರೂ ಕೊಡೆ ಬಿಡಿಸಿದ್ದರು. "ಈ ನಿಯಮ ಮುಂದೆ ಹೋದರೆ ಸಾಕಪ್ಪ," ಎಂದಳು ಸೌದಾಮಿನಿ, ಏನಾದರೂ ಹೇಳಬೇಕಲ್ಲ ಎಂದು. "ಹೌದಕ್ಕಾ, ಮುಂದೆ ಹೋದರೆ ಸಾಕು," ಎಂದಳು ರಸೀನಾ, ರಸ್ತೆಯ ಬದಿಯ ಒಂದು ನಾಯಿಯನ್ನು ನೋಡುತ್ತ. "ನಿನಗೆ ನಮ್ಮ ಅತ್ತೆಯಿಂದ ತುಂಬ ಕಷ್ಟ ಅಲ್ವಾ?" "ಅಯ್ಯೋ, ನಿಮಗೆ ನಮ್ಮ ಮಾಮಿಯಿಂದ ಕಷ್ಟ." "ಕಷ್ಟ ಎಂತದು, ಡ್ಯೂಟಿ ಅಲ್ವಾ." "ಅದೇ, ಡ್ಯೂಟಿ." ಪಾಪ, ಇವಳಿಗೆ ತನ್ನ ಮನೆ, ತನ್ನ ಮಾಮಿ ತನಗೇ ವಾಪಸು ಬೇಕಾಗಿರಬೇಕು ಎಂದು ಸೌದಾಮಿನಿ ಯೋಚಿಸಿದಳು. ಬೀಪಾತುಮ್ಮನಂಥವರನ್ನು ಯಾರು ತಾನೇ ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ತಾನು ಕದ್ದದ್ದು ಸರಕಾರದ ಸೊತ್ತನ್ನಲ್ಲ, ಇವಳ ಸೊತ್ತನ್ನು ಎನ್ನಿಸಿ ಅವಳು ತನ್ನ ಕೊಡೆಯನ್ನು ರಸೀನಾಳ ಕೊಡೆಯ ಮೇಲೂ ಹಿಡಿಯಲು ಹೋಗಿ, ಕಡ್ಡಿಗೆ ಕಡ್ಡಿ ಸಿಕ್ಕಿ, ಪಂಚಾಯತು ಬರುವವರೆಗೆ ಇಬ್ಬರೂ ಬಿಡಿಸಿಕೊಳ್ಳಲಾರದೆ ಒಂದೇ ಮೂಲೆಗೆ ವಾಲಿಕೊಂಡು ನಡೆದರು.

ಸಭಾಂಗಣದಲ್ಲಿ ಅವಳ ಮುಖ ಅವಳಿಗಿಂತ ಮೊದಲೇ ಬಂದು ಗೋಡೆಯಲ್ಲಿ ತೂಗುತ್ತಿತ್ತು. ಮೇಜಿನ ಹಿಂದೆ ಯೋಜನೆಯ ಮೇಲ್ವಿಚಾರಕ ಕೃಷ್ಣಕುಮಾರ ಕೂತಿದ್ದ. ಪಯ್ಯನ್ನೂರಿನ ಕಡೆಯ ಮಲೆಯಾಳಿ, ಕನ್ನಡವನ್ನು ಎಚ್ಚರಿಕೆಯಿಂದ, ಒಂದೊಂದೇ ಮೆಟ್ಟಿಲು ಇಳಿಯುವವನಂತೆ ಮಾತಾಡುತ್ತಿದ್ದ. "ಸೌದಾಮಿನಿ ಮೇಡಂ, ನಿಮ್ಮ ಪರಾತಿ... ದೂರು, ಎಂತ ಉಂಟು, ಹೇಳಿ." ಅವಳು ಎದ್ದು ನಿಂತಳು. ಎದುರಿಗೆ ಹೆಂಗಸರ ಸಾಲುಗಳು, ಎರಡನೆಯ ಸಾಲಿನಲ್ಲಿ ರಸೀನಾ ತಲೆ ತಗ್ಗಿಸಿದ್ದಾಳೆ. ಮಾನ್ಯರೇ ಎಂದಳು. ಬೆಳಗಿನ ದೋಸೆ ನೆನಪಾಯಿತು. ಎಣ್ಣೆಯ ವಾಸನೆ ಇನ್ನೂ ತನ್ನ ಕೂದಲಲ್ಲಿದೆ, ಅದು ಮುಂದಿನ ಸಾಲಿಗೂ ಬಡಿಯುತ್ತಿರಬೇಕು. ಒಮ್ಮೆಗೇ ಅವಳಿಗೆ ಧೈರ್ಯ ಬಂತು, ಅಥವಾ ಹೆದರಿಕೆಯೇ ತಿರುಗಿ ಕೂತಿತು. "ಮಾನ್ಯರೇ, ಈ ನಿಯಮ ಒಳ್ಳೆಯದೇ," ಎಂದಳು. ಹೆಂಗಸರು ನಕ್ಕರು. ಅಂಗನವಾಡಿಯ ನಿರೂಪಣೆಯಲ್ಲೂ ಇವಳು ಹೀಗೇ ಗಂಭೀರ ಮುಖದಲ್ಲಿ ತಮಾಷೆ ಮಾಡಿದ್ದಳು. "ನಾನು ತಮಾಷೆ ಮಾಡುದಲ್ಲ. ನಿಜವಾಗಿ ಒಳ್ಳೆಯದು. ನನ್ನ ಆಪಿನಲ್ಲಿ ಬೀಪಾತುಮ್ಮ ಪರಿಚಾರಕಿ, ನಾನು ರೋಗಿ. ದಿನಾ ಅವರೇ ಹಾಜರಿ ಹಾಕುದು, ನಾನು ಕಣ್ಣು ಮಿಟುಕಿಸುದು. ಅವರು ನನ್ನ ತಲೆಗೆ ಎಣ್ಣೆ ಹಾಕ್ತಾರೆ, ಊಟ ಆಯ್ತಾ ಕೇಳ್ತಾರೆ. ನನಗೆ ಈಗ ತುಂಬ ಗುಣ ಉಂಟು." ನಗು ಸಭಾಂಗಣದ ಮಾಡಿಗೆ ಹೋಗಿ ಬಡಿಯಿತು. ಭವ್ಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂತ ಮಾತಾಡ್ತಾರೆ ನೋಡಿ," ಎಂದು ಪಕ್ಕದವಳನ್ನು ತಿವಿದಳು. ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ನಿಂತು ಪೂರ್ತಿ ನಿಜ ಹೇಳಿದ ಸೌದಾಮಿನಿ, ನಗುವವರ ನಡುವೆ ಅಳುವ ಹಾಗಾಗಿ ನಿಂತಳು.

ಕೃಷ್ಣಕುಮಾರ ಮಾತ್ರ ನಗಲಿಲ್ಲ. "ಅದು ಸಾಧ್ಯವಿಲ್ಲ ಮೇಡಂ. ಈ ಆಪಿಗೆ ಎಲ್ಲ ತಿಳಿಯುತ್ತದೆ. ನಿಮ್ಮ ಫೋನ್ ಕೊಡಿ," ಎಂದು ಕೈಚಾಚಿದ. ಫೋನು ಎತ್ತಿ ಹಿಡಿದು, ತನ್ನ ಮುಖ ಒಂದು ಬದಿಗೆ ಬರುವ ಹಾಗೆ ನಿಂತ. ಸೌದಾಮಿನಿ ಚಿತ್ರದೊಳಗೆ ಬರಬಾರದೆಂದು ಪಕ್ಕಕ್ಕೆ ಸರಿದಳು. ಇಷ್ಟು ಒಳ್ಳೆಯ ನಿಯಮ ತನ್ನಿಂದ ಕೆಡಬಾರದು ಎಂಬ ಆಸೆ ಆಗಲೂ ಇತ್ತು. ಅವಳು ಸರಿದಾಗ ಹಿಂದಿನ ಗೋಡೆಯ ಫ್ಲೆಕ್ಸ್ ಪೂರ್ತಿ ಕಂಡಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಗಾಳಿಗೆ ಫ್ಲೆಕ್ಸ್ ಮಡಚಿತು, ಬಿಚ್ಚಿತು, ಮಡಚಿತು. ಹೋಮದ ಹೊಗೆಯ ಆ ಕಣ್ಣುಗಳು ಒಮ್ಮೆ ಮುಚ್ಚಿ ತೆರೆದವು. ಫೋನಿನೊಳಗಿನ ಹೆಣ್ಣುಮಗಳು ಸ್ಪಷ್ಟವಾದ ಮಲೆಯಾಳದಲ್ಲಿ ರೋಗಿ ಜೀವಂತ ಎಂದಳು. ಹಾಜರಿ ಹಸಿರಾಯಿತು. ರೋಗಿ, ಸೌದಾಮಿನಿ. ಪರಿಚಾರಕಿ, ಫೋನು ಹಿಡಿದ ಕೃಷ್ಣಕುಮಾರ.

ಅಷ್ಟಾದ ಮೇಲೆ ಅವನು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಬಾಗಿಲ ಸಂದಿಯಲ್ಲಿ ಅವನು ಗಾಳಿಯಲ್ಲಿ ಕೈ ಮಡಚಿ ಬಿಚ್ಚಿ ಫ್ಲೆಕ್ಸ್ ಹೇಗೆ ಕಣ್ಣು ಮಿಟುಕಿಸಿತೆಂದು ತೋರಿಸುತ್ತಿದ್ದುದು ಕಾಣುತ್ತಿತ್ತು, ಆಚೆ ಬದಿಯವರಿಗೆ ಅದು ಕಾಣುವುದಿಲ್ಲ ಎಂಬುದನ್ನು ಮರೆತು. ವಾಪಸು ಬಂದು, ಆಪಿನ ದೋಷ ಸರಿಯಾಗುವವರೆಗೆ ಮುಖ ಹಾಜರಿ ಮುಂದೂಡಲಾಗಿದೆ, ನಾಳೆಯಿಂದ ಯಾರೂ ಫೋಟೋ ಹಾಕಬೇಕಾಗಿಲ್ಲ, ಹಿಂದಿನ ಹಾಗೆಯೇ ಸಹಿ ಸಾಕು ಎಂದು ಹೇಳಿದ. ಚಪ್ಪಾಳೆ ಬಿತ್ತು. ಭವ್ಯಶ್ರೀ ಓಡಿ ಬಂದು ಸೌದಾಮಿನಿಯನ್ನು ಅಪ್ಪಿಕೊಂಡಳು. ಯಾರೋ ಅವಳಿಗೆ ಚಾ ಕೊಟ್ಟರು, ಇನ್ಯಾರೋ ಅವಳ ಫ್ಲೆಕ್ಸಿನ ಜೊತೆ ಫೋಟೋ ತೆಗೆಸಿಕೊಂಡರು. ತನಗೇ ಬೇಡವಾದದ್ದನ್ನು ಇಷ್ಟು ಚೆನ್ನಾಗಿ ಸಾಧಿಸಿಕೊಟ್ಟವರು ಊರಿನಲ್ಲಿ ಬೇರೆ ಯಾರೂ ಇರಲಾರರು ಎಂದು ಸೌದಾಮಿನಿಗೆ ಅನಿಸಿತು. ವಾಪಸು ಬರುವಾಗ ರಸೀನಾ, "ಒಳ್ಳೆದಾಯಿತಲ್ಲ ಅಕ್ಕಾ," ಎಂದಳು. "ಒಳ್ಳೆದಾಯಿತು," ಎಂದಳು ಸೌದಾಮಿನಿ. ಕೊಡೆಗಳನ್ನು ಈ ಸಲ ದೂರ ದೂರ ಹಿಡಿದಿದ್ದರು. ಗೋಡೆಯ ಸಂದಿಯ ಹತ್ತಿರ ಇಬ್ಬರೂ ಒಂದು ಗಳಿಗೆ ನಿಂತರು. ಆಮೇಲೆ ಕೊಡೆ ಮಡಚಿ ಅವರವರ ಮನೆಗೆ ತಿರುಗಿದರು.

ಅತ್ತೆ ಕಾದಿದ್ದರು. "ಎಂತ ಆಯಿತು? ಮುಂದೆ ಹೋಯಿತಾ?" ಎಂದು ಅವಳು ಚಪ್ಪಲಿ ಬಿಡುವ ಮೊದಲೇ ಕೇಳಿದರು. ಸೌದಾಮಿನಿ ನೀರಿನ ಹಂಡೆಯ ಕಡೆ ತಿರುಗಿ ನಿಂತಳು. ಆಡಳಿತಕ್ಕೆ ಹೇಳುವ ಸುಳ್ಳಿಗಿಂತ ಅತ್ತೆಗೆ ಹೇಳುವ ಸುಳ್ಳು ಕಷ್ಟ, ಅವರಿಗೆ ಆಪು ಬೇಕಾಗುವುದಿಲ್ಲ. "ಇಲ್ಲ ಅತ್ತೆ. ಮುಂದೆ ಹೋಗಲಿಲ್ಲ. ಬಹಳ ಬಿಗಿ ಮಾಡಿದ್ದಾರೆ. ನಾನು ಅಲ್ಲಿಗೆ ಹೋಗಲೇಬೇಕಂತೆ, ರಸೀನಾ ಇಲ್ಲಿಗೆ ಬರಲೇಬೇಕಂತೆ." "ಎಂತ ಮಾಡುವುದು, ಸರಕಾರ," ಎಂದರು ಅತ್ತೆ. ದುಃಖದ ಮಾತನ್ನು ಇಷ್ಟು ಬೇಗ ಹೇಳಿ ಮುಗಿಸಿದ್ದನ್ನು ಸೌದಾಮಿನಿ ಕೇಳಿರಲಿಲ್ಲ. "ನಿಂಬೆಹಣ್ಣು ತಂದಿಡು ನಾಳೆಗೆ," ಎಂದೂ ಸೇರಿಸಿದರು. ಆ ಹೊತ್ತಿಗೇ ವೆಂಕಟಕೃಷ್ಣ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಕೈಯಲ್ಲಿ ಸುತ್ತಿದ ಫ್ಲೆಕ್ಸ್, ಇನ್ನೊಂದು ಕೈಯಲ್ಲಿ ಲಾಡಿನ ಪೊಟ್ಟಣ. ವಾಟ್ಸಾಪಿನಲ್ಲಿ ಎಲ್ಲ ಓದಿದ್ದ. "ಅಮ್ಮಾ, ಮುಖ ಹಾಜರಿ ಮುಂದೆ ಹೋಯಿತು. ಇವಳೇ ಮುಂದೆ ಹಾಕಿಸಿದ್ದು, ನನ್ನ ಫ್ಲೆಕ್ಸಿನಿಂದ," ಎಂದು ಮನೆ ನಡುಗುವ ಹಾಗೆ ಹೇಳಿದ. ಸೌದಾಮಿನಿ ಹಂಡೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಂತ?" ಎಂದರು ಅತ್ತೆ.

"ಮುಂದೆ ಹೋಯಿತು ಅಮ್ಮಾ. ನಾಳೆಯಿಂದ ರಸೀನಾ ಬರಬೇಕಾಗಿಲ್ಲ."

"ಕೇಳುವುದಿಲ್ಲ ಮಾರಾಯ. ಕಿವಿ ಅಡೆದಿದೆ ಬೆಳಗಿನಿಂದ," ಎಂದು ಅತ್ತೆ ಗೋಡೆಯ ಕಡೆಗೆ ಮಗ್ಗುಲಾದರು. ಅವನು ಇನ್ನೂ ಜೋರಾಗಿ ಹೇಳಿದ. ಗೋಡೆಯ ಆಚೆ ಬೀಪಾತುಮ್ಮನ ಮನೆಯ ಕೋಳಿಗಳು ಕೂಡ ಎದ್ದು ಕೂಗಿದವು. ಅತ್ತೆಗೆ ಕೇಳಲಿಲ್ಲ. ಲಾಡು ತಂದಿದ್ದೇನೆ ಎಂದು ಅವನು ಮೆಲ್ಲಗೆ ಅಂದದ್ದು ಮಾತ್ರ ಕೇಳಿತು, ಎಡಗೈ ಹೊರಗೆ ಬಂತು.

ಬೆಳಿಗ್ಗೆ ಸೌದಾಮಿನಿ ಗೋಡೆಯ ಸಂದಿಗೆ ಬಂದಾಗ, ಆಚೆಯಿಂದ ರಸೀನಾ ಬರುತ್ತಿದ್ದಳು. ಕೈಯಲ್ಲಿ ಫೋನು, ಫೋನಿನ ಜೊತೆ ಎರಡು ನಿಂಬೆಹಣ್ಣು. ಇಬ್ಬರೂ ನಿಂತರು. "ಮಾಮಿಗೆ ನಾನು ಹೇಳಿದೆ, ರೂಲ್ಸ್ ಬಂದೇ ಬಿಟ್ಟಿತು ಅಂತ," ಎಂದಳು ರಸೀನಾ ನೆಲ ನೋಡುತ್ತ. "ನಾನೂ ಅತ್ತೆಗೆ ಹಾಗೇ ಹೇಳಿದ್ದು," ಎಂದಳು ಸೌದಾಮಿನಿ. ನಗಬೇಕೆಂದು ಇಬ್ಬರಿಗೂ ತೋಚಲಿಲ್ಲ. ನಾಚಿಕೆಯೇ ಹೆಚ್ಚಿತ್ತು. ಸಂದಿ ಸಣ್ಣದು, ಒಬ್ಬರು ಸರಿಯದೆ ಇನ್ನೊಬ್ಬರು ದಾಟುವಂತಿಲ್ಲ. ರಸೀನಾ ಸರಿದು ದಾರಿ ಬಿಟ್ಟಳು.

ಬೀಪಾತುಮ್ಮ ಸುರ್ಮಾ ಹಚ್ಚಿ, ಒಗೆದ ಬಟ್ಟೆ ತಲೆಗೆ ಹಾಕಿ ಸಿದ್ಧವಾಗಿ ಕೂತಿದ್ದರು. ಸೌದಾಮಿನಿ ಫೋನು ಕೊಟ್ಟಳು. ಆಪ್ ತೆರೆಯಲಿಲ್ಲ. ಪರದೆ ಬರೀ ಬೂದು ಬಣ್ಣಕ್ಕೆ ತಿರುಗಿ ನಿಂತಿತ್ತು, ಅದರಲ್ಲಿ ಯಾರ ಮುಖವೂ ಇರಲಿಲ್ಲ. ಬೀಪಾತುಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದರು. ಮುಚ್ಚದ ಆ ಎಡಗಣ್ಣಿಗೆ ದೂರದ ಗಿಡದಲ್ಲಿ ಹಣ್ಣಾದ ಪೇರಳೆ ಕೂಡ ಕಾಣುತ್ತಿತ್ತು. ಅವರು ಫೋನನ್ನು ಎಂದಿನ ಎತ್ತರಕ್ಕೆ ಎತ್ತಿ ಹಿಡಿದು, ಬಟ್ಟೆ ಸರಿ ಮಾಡಿಕೊಂಡು, ಬೂದು ಪರದೆಗೆ ಬಾಯಿ ತುಂಬ ನಕ್ಕರು.

"ಮಿಟುಕಿಸು," ಎಂದರು.

ಸೌದಾಮಿನಿ ಮಿಟುಕಿಸಿದಳು. ಫೋನು ಏನೂ ಹೇಳಲಿಲ್ಲ.

"ಜೀವ ಉಂಟು," ಎಂದು ಬೀಪಾತುಮ್ಮ ತಾವೇ ಹೇಳಿ, ಫೋನನ್ನು ದಿಂಬಿನ ಅಡಿಗೆ ಹಾಕಿ, ಎಣ್ಣೆಯ ಬಾಟಲಿಗೆ ಕೈಚಾಚಿದರು. "ಕೂತ್ಕೋ."